ಅತ್ತಿಗೆ ತೆಗೆದ ಬಾಗಿಲು

ಮಾರ್ಚ್ ೧೪, ರಾತ್ರಿ.

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಓಣಿ ಕೆಡವಿ ಕಟ್ಟಿದ ಮಾಲ್‌ನಲ್ಲೇ ನಮ್ಮ ಮನೆಗಳ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಬೆಲೆಚೀಟಿ ಅಂಟಿಸಿ, ಆ ಪ್ರದರ್ಶನಕ್ಕೆ ‘ನಗರ ಯಾರದು?’ ಎಂದು ಹೆಸರಿಟ್ಟಿದ್ದಾರೆ. ಕಲೆಯಂತೆ! ಇದೇ ಪ್ರಶ್ನೆಯನ್ನು ನಾವು ಬುಲ್ಡೋಜರ್ ಮುಂದೆ ಮಲಗಿ ಕೇಳಿದಾಗ ಲಾಠಿ ಬಿತ್ತು. ಇಂದು ಅದಕ್ಕೆ ಚಪ್ಪಾಳೆ.

ಅತ್ತಿಗೆಯ ಜೊತೆ ಹೋಗಿದ್ದೆ. ನಮ್ಮ ಹಸಿರು ಬಾಗಿಲು ಕಂಡದ್ದೇ ಅವಳು ಚಿಲಕ ಎತ್ತಿ, ಕೆಳಗೆ ಮೊಣಕಾಲಿನಿಂದ ಒತ್ತಿದಳು. ಹಾಗೆ ಒತ್ತದೆ ಅದು ಎಂದೂ ತೆರೆದದ್ದಿಲ್ಲ. ತೆರೆಯಿತು. ಆಚೆ ಬರೀ ಬಿಳಿ ಗೋಡೆ.

“ಏನಮ್ಮಾ, ಮುಟ್ಟಬಾರದು ಅಂತ ಬರೆದಿಲ್ವಾ?” ಕಾವಲುಗಾರ ಗದರಿದ.

“ನಮ್ಮನೆ ಬಾಗಿಲು ಮುಟ್ಟೋಕೆ ನಿನ್ನ ಕೇಳ್ಬೇಕೇನಪ್ಪಾ?”

ಆ ಬಾಗಿಲುಗಳನ್ನು ಜೋಡಿಸಿದ ಕಲಾವಿದ ಓಡಿ ಬಂದ. “ಅದ್ಭುತ! ದಿನಾ ಬಂದು ಜನರ ಮುಂದೆ ಹೀಗೇ ತೆಗೀತೀರಾ? ಸಂಬಳ ಕೊಡ್ತೀವಿ.”

ನಮ್ಮ ಗಾಯವನ್ನೂ ಅಂಗಡಿಗಿಟ್ಟನೆಂದು ದಾರಿಯುದ್ದಕ್ಕೂ ಅವನನ್ನು ಬೈದೆ. ಬಾಡಿಗೆ ಕೋಣೆಗೆ ಬಂದ ಮೇಲೆ ಅತ್ತಿಗೆ ಮೆಲ್ಲಗೆ ಹೇಳಿದಳು: “ನಾನು ಹೋಗ್ತೀನಿ ಕಣೋ. ಸಂಬಳಕ್ಕಲ್ಲ. ದಿನಕ್ಕೊಂದು ಸಲ ನಮ್ಮ ಬಾಗಿಲು ತೆಗೀಬಹುದಲ್ಲ.”

ಎಷ್ಟೋ ಘೋಷಣೆ ಕೂಗಿದ ಬಾಯಿ ಇದು. ಅದೇ ಬಾಯಲ್ಲಿ ನಾಳೆ ಮಾಲ್‌ಗೆ ಹೋಗುವ ಬಸ್ಸಿನ ಹೊತ್ತನ್ನು ಅವಳಿಗೆ ಹೇಳಿದೆ.