ಏಸಿಗೆ ಹೊಲಿದ ಅಂಗಿ

ಅಪ್ಪಾ,

ಮಲಗಿದ್ದಿರಿ, ಎಬ್ಬಿಸಲಿಲ್ಲ. ನಾವು ವಾಸವಿರೋ ಈ ಗಾಡಿಮನೆಯ ಏಸಿ ಹತ್ತೇ ನಿಮಿಷಕ್ಕೆ ಕಾದು ನಿಂತುಹೋಗೋದು ಯಾಕೆ ಅಂತ ತಲೆಗೆ ಹುಳ ಬಿಟ್ಟ ಹಾಗಿತ್ತು. ಫಿಲ್ಟರ್ ತೊಳೆದೆ, ವೈರು ನೋಡಿದೆ, ಎಲ್ಲ ಸರಿಯಿತ್ತು. ಕೊನೆಗೆ ಏಣಿ ಹಾಕಿ ಗಾಡಿಯ ಮೇಲೆ ಹತ್ತಿದರೆ, ಏಸಿಗೆ ಅಳತೆ ತೆಗೆದು ಹೊಲಿದ ದಪ್ಪ ಅಂಗಿ, ಗುಂಡಿ ಸಮೇತ! ಬಿಸಿಲು ತಾಗದಿರಲಿ ಅಂತ ತಾನೇ? ಏಸಿ ಒಳಗಿನ ಬಿಸಿಯನ್ನೆಲ್ಲ ಆ ಮೇಲಿನಿಂದಲೇ ಹೊರಗೆ ಬಿಡಬೇಕು, ಟೈಲರ್ ಸಾಹೇಬ್ರೇ. ಬಿಚ್ಚಿಟ್ಟಿದ್ದೀನಿ.

ಹನ್ನೆರಡಕ್ಕೆ ಆನ್ ಮಾಡಿ, ಎಷ್ಟು ಹೊತ್ತು ಓಡುತ್ತೆ ಅಂತ ಈ ಚೀಟಿಯ ಹಿಂದೆ ಬರೆದಿಡಿ. ಮಂಡಿ ನೋವು ಅಂತಿದ್ದೋರು ಏಣಿ ಹತ್ತಿದ್ದು ಯಾವಾಗ ಅನ್ನೋದನ್ನೂ ಬರೀರಿ.

ಚಿಕ್ಕವಳಿದ್ದಾಗ ಜ್ವರ ಬಂದರೆ ನನಗೂ ಮೂರು ಕಂಬಳಿ ಹೊದಿಸ್ತಿದ್ರಿ. ನಾನು ಹೇಗೆ ಉಳಿದೆ ಅಪ್ಪಾ?