ಒಡೆದ ಷಡ್ಜ

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 5.40

ಮತ್ತೆ ಅದೇ. ಪಂಚಮದವರೆಗೆ ಸಲೀಸು. ಮೇಲಿನ ಷಡ್ಜ ಮುಟ್ಟಿದ ಕೂಡಲೇ ದನಿ ಒಡೆಯಿತು. ಥೈರಾಯ್ಡ್ ಆಪರೇಷನ್ ಆಗಿ ಮೂರು ವರ್ಷ. ದನಿಯ ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ಸರಿಹೋಗಬಹುದು ಎಂದಿದ್ದರು ಡಾಕ್ಟರು. ಆ 'ಬಹುದು' ನಂಬಿಕೊಂಡು ದಿನಾ ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳುಗುಳು ಊದುತ್ತೇನೆ. ತಿಲಕ್ ನಗರದ ಥೆರಪಿಸ್ಟ್ ಹೇಳಿಕೊಟ್ಟಿದ್ದು. ಇಪ್ಪತ್ತೈದು ವರ್ಷ ಕಛೇರಿ ಮಾಡಿದವಳ ಸಾಧನೆ ಈಗ ಇದು.

ಮಾರ್ಚ್ 2, ಭಾನುವಾರ

ಬದರಿನಾಥರಿಗೆ ಫೋನ್ ಮಾಡಿದೆ. ನಮ್ಮ ಬ್ಲಾಕಿನ ರಾಮೋತ್ಸವ ಸಮಿತಿಯ ಸೆಕ್ರೆಟರಿ. ಒಂದು ಸಂಜೆ, ಒಂದೇ ಗಂಟೆ ಸಾಕು ಎಂದೆ. ನಾಚಿಕೆ ಬಿಟ್ಟು ಕೇಳಿದ್ದು. ಮೇಲಿನ ಸ್ಥಾಯಿ ಇಲ್ಲದ ಕೃತಿಗಳನ್ನೇ ಆರಿಸಿಟ್ಟುಕೊಂಡಿದ್ದೆ. ಲಿಸ್ಟ್ ಆಗಿಹೋಗಿದೆ ಎಂದರು. ಅಷ್ಟಕ್ಕೇ ಬಿಡಬಾರದೇ? "ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ ಹಾಡು ಮೊದ್ಲಿಂದ್ಲೂ ಪರ್ಫೆಕ್ಟೇ. ಆದ್ರೆ ಜನಕ್ಕೆ ಫೀಲ್ ಬೇಕು, ಹೊಸತನ ಬೇಕು." ನನ್ನ ಶಿಷ್ಯೆ ಮೇಘಶ್ರೀಯನ್ನು ಹಾಕಿಕೊಂಡಿದ್ದಾರಂತೆ.

ಹೊಸತನವಂತೆ. ಗುರುಗಳು ಕೊಟ್ಟ ಒಂದೊಂದು ಸಂಗತಿಯನ್ನೂ, ಸಾಲಿನ ಒಂದೊಂದು ತಿರುವನ್ನೂ, ಆಚೀಚೆ ಆಗದ ಹಾಗೆ ಕಾಪಾಡಿಕೊಂಡು ಬಂದೆ. ಅದೇ ತಪ್ಪಾಯಿತು. ಮೇಘಶ್ರೀ ಮೇಲೂ ಹೊಟ್ಟೆ ಉರಿಯುತ್ತಿದೆ... ಇಲ್ಲಿ ಯಾರು ಓದುತ್ತಾರೆ, ಬರೆದುಬಿಡುತ್ತೇನೆ.

ಏಪ್ರಿಲ್ 14, ಸೋಮವಾರ

ನಿನ್ನೆ ಸಂಜೆ ಮೇಘಶ್ರೀಯ ಕಛೇರಿ. ಶಾಮಿಯಾನ ತುಂಬಿತ್ತು. ಪಾನಕದ ಲೋಟ ಹಿಡಿದು ಕೊನೆಯ ಸಾಲಿನಲ್ಲಿ ಕೂತೆ. ಮುಖಾರಿ ರಾಗ ಎತ್ತಿಕೊಂಡಳು, ಹೋದ ವರ್ಷ ನಾನೇ ಪಾಠ ಮಾಡಿದ ಕೃತಿ. ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋದಳು. ದನಿ ಒಡೆಯಿತು. ಪಾಪ, ಕಫ ಇರಬೇಕು ಎಂದುಕೊಂಡೆ. ಎರಡನೇ ಸಲವೂ ಅಲ್ಲೇ ಒಡೆಯಿತು. ಮೂರನೇ ಸಲವೂ. ಅಷ್ಟೇ ಉದ್ದ, ಅದೇ ಉಸಿರು.

ಅದು ನನ್ನದು. ಅವಳು ಪಾಠಕ್ಕೆ ಸೇರಿದ್ದೇ ಆಪರೇಷನ್ ಆದಮೇಲೆ. ನನ್ನ ಒಳ್ಳೆಯ ದನಿ ಕೇಳಿಯೇ ಇಲ್ಲ. ಗಂಟಲಿನ ಗಾಯವನ್ನು ಸಂಗತಿ ಎಂದುಕೊಂಡು ಕಲಿತುಬಿಟ್ಟಿದ್ದಾಳೆ.

ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಬದರಿನಾಥರು ಮೈಕ್ ಹಿಡಿದು, ಇಂಥ ಭಾವ ಯಾರೂ ಹೇಳಿಕೊಟ್ಟು ಬರುವುದಲ್ಲ, ಇದು ಈ ಹುಡುಗಿಯ ಸ್ವಂತದ್ದು ಎಂದರು. ಭಾವವೂ ಅಲ್ಲ, ಸ್ವಂತದ್ದೂ ಅಲ್ಲ. ಪೆಟ್ಟು ಬಿದ್ದ ನರ. ಎದ್ದು ನಿಂತು ಹೇಳಬೇಕು ಅನಿಸಿತು.

ಆದರೆ ಚೆನ್ನಾಗಿತ್ತು. ಅದೇ ಸಂಕಟ. ನನ್ನ ಕಣ್ಣೂ ಒದ್ದೆಯಾಗಿತ್ತು.

ಏಪ್ರಿಲ್ 16, ಬುಧವಾರ

ಮೇಘಶ್ರೀ ಹೂವು, ಹಣ್ಣು ಹಿಡಿದು ಬಂದಳು. ಕಾಲಿಗೆ ಬಿದ್ದಳು. ಅವಳ ನೋಟ್‌ಬುಕ್ ತೆಗೆಸಿ ನೋಡಿದೆ. ಆ ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ— 'ಇಲ್ಲಿ ದನಿ ಒಡೆಯಬೇಕು, ಮಿಸ್ ಥರ'. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

2014ರ ರೆಕಾರ್ಡಿಂಗ್ ಹಾಕಿದೆ. ಅದೇ ಕೃತಿ. ಷಡ್ಜ ಕೂದಲೆಳೆಯಷ್ಟೂ ಅಲುಗದೆ ನಿಂತಿತ್ತು. ಯಾರು ಹಾಡಿದ್ದು ಎಂದಳು. ನಾನೇ ಎಂದೆ.

"ಚೆನ್ನಾಗಿದೆ ಮಿಸ್. ಆದ್ರೆ ಏನೋ ಕಮ್ಮಿ. ಈಗ ನೀವು ಹಾಡೋದೇ ಚೆಂದ."

ಆಪರೇಷನ್ ವಿಷಯ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೇಳಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದಳು. ಅದೊಂದು ಬೇಡ.

ಮೇ 4, ಭಾನುವಾರ, ಬೆಳಿಗ್ಗೆ 6

ನಿಂತಿತು! ನಾಲ್ಕು ಸಲ ಹಾಡಿದೆ. ನಾಲ್ಕು ಸಲವೂ ಮೇಲಿನ ಷಡ್ಜ ನಿಂತಿತು. ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಚೆಲ್ಲಿತು, ಚೆಲ್ಲಲಿ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಅದೇ ದಿನ, 11.30

ಮೇಘಶ್ರೀ ಬಂದಿದ್ದಳು. ನಾಳೆ ಜೆಪಿ ನಗರದ ಸ್ಟುಡಿಯೋದಲ್ಲಿ ಅದೇ ಮುಖಾರಿ ರೆಕಾರ್ಡಿಂಗ್. ಆ ಜಾಗ ಇನ್ನೊಮ್ಮೆ ತೋರಿಸಿ ಎಂದಳು. ಹಾಡಿದೆ. ಒಡೆಯಲಿಲ್ಲ. ಅವಳ ಮುಖ ನೋಡಿದೆ. ಪೆನ್ಸಿಲ್ ಹಿಡಿದು ಕಾಯುತ್ತಲೇ ಇದ್ದಳು.

"ಹಾಗಲ್ಲ ಮಿಸ್," ಎಂದಳು. "ಸರಿಯಾಗಿ ಹಾಡಿ."

ಮತ್ತೆ ಹಾಡಿದೆ. ಈ ಸಲ ಬೇಕೆಂದೇ ಒಡೆದೆ. ಕಣ್ಣು ಮುಚ್ಚಿ ತಲೆದೂಗಿದಳು.

ಅವಳು ಹೋದಮೇಲೆ ಬಾಗಿಲು ಹಾಕಿಕೊಂಡು ನನ್ನ ಪಾಡಿಗೆ ಹಾಡಿದೆ. ಷಡ್ಜ ನಿಂತಿತು. ಶುದ್ಧವಾಗಿತ್ತು. ಗುರುಗಳು ಹೇಳಿಕೊಟ್ಟ ಹಾಗೆಯೇ ಇತ್ತು. ಆದರೆ ಏನೋ—