ಚಂಪೆಯ ತುತ್ತಿನ ಲೆಕ್ಕ

ಅಂಕೋಲೆ, ೧೨ ಫೆಬ್ರವರಿ ೨೦೦೬, ರವಿವಾರ

ಇಂದೂ ಲೆಕ್ಕ ಕೆಟ್ಟಿತು. ನನ್ನ ಬೆಕ್ಕು ಚಂಪೆ ಸೊರಗುತ್ತಲೇ ಇದೆ. ಥೈರಾಯ್ಡ್ ದೋಷವನ್ನು ಶಂಕಿಸಿದ ಕಾರವಾರದ ಪಶುವೈದ್ಯರು, ಆಹಾರದಿಂದ ಎಷ್ಟು ಅಯೋಡಿನ್ ಸೇರುತ್ತಿದೆಯೆಂದು ತಿಳಿಯದೆ ಔಷಧ ಕೊಡಲಾರೆ, ಒಂದು ವಾರ ಪ್ರತಿ ತುತ್ತನ್ನೂ ತೂಗಿ ಬರೆಯಿರಿ ಎಂದಿದ್ದಾರೆ. ಏನೂ ಹಾಕಬೇಡಿರೆಂದು ಕೇರಿಗೆಲ್ಲ ಹೇಳಿಬಂದಿದ್ದೆ. ಸಂಜೆ ನೋಡಿದರೆ, ನೆರೆಮನೆಯ ಹೀರಾಳ ಹಿತ್ತಿಲಲ್ಲಿ ಚಂಪೆ ಸಿಗಡಿಯ ತಲೆಗಳನ್ನು ಮೆಲ್ಲುತ್ತಿದೆ!

“ನಾ ಎಂತದೂ ಹಾಕ್ಲಿಲ್ಲ ಅಕ್ಕೋರೆ! ಶೆಟ್ಲಿ ಸುಲ್ದು ತಲೆ ಬಿಸಾಕ್ದೆ, ಅಷ್ಟೇ. ಅದೆಂತಾ ಊಟವೇ?”

“ಎಷ್ಟು ತಲೆ?”

“ಯಾರ್ ಎಣಿಸ್ತಾರೆ? ಶಾಲೆ ಹಾಜರಿಯೇ ಅದು?”

ನನಗೆ ನಗು ಬರಲಿಲ್ಲ. ಚಂಪೆಯನ್ನು ಕೋಣೆಯಲ್ಲಿ ಕೂಡಿಹಾಕಿ ಮೊದಲಿನಿಂದ ತೂಗತೊಡಗಿದ್ದೇನೆ. ಬಟ್ಟಲಿನ ಅನ್ನವನ್ನು ಮೂಸಿಯೂ ನೋಡಿಲ್ಲ; ಬಾಗಿಲನ್ನು ಕೆರೆಯುತ್ತಿದೆ. ತೆರೆದರೆ ಔಷಧವಿಲ್ಲ. ತೆರೆಯದಿದ್ದರೆ, ಆ ಎಲುಬುಗೂಡು ಒಂದು ವಾರ ಉಪವಾಸವಿದ್ದು ಬದುಕೀತೇ?